ಟ್ರ್ಯಾಪ್ ಭಾವಯ್ಯ

“ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ತಗೊಳ್ಳೋದು ಅಂದ್ರೆ ಹಲ್ಲು ನೋಡದೆ ಎತ್ತು ತಗೊಂಡ ಹಾಗೆ ಮಾರಾಯ!”

ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಹೀಗೆ ಅಬ್ಬರಿಸುತ್ತಿದ್ದರೆ ಅವರೇ ಟ್ರ್ಯಾಪ್ ಭಾವಯ್ಯ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಅಜ್ಜ ಹೆಸರಾಂತ ಶಿಕಾರಿ. ಅವರು ಹೊಡೆದ ಕಡವೆಯ ಕೊಂಬಿಗೆ ಈಗ ಜಗುಲಿಯಲ್ಲಿ ಛತ್ರಿ ನೇತುಹಾಕುತ್ತಾರೆ. (ಅದಕ್ಕೆ ದಾಖಲೆ ಇದೆಯೇ ಎಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ.) 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ನಿಂತಿತು, ಶಿಕಾರಿಯ ಚಪಲ ನಿಲ್ಲಲಿಲ್ಲ. ಮೊಮ್ಮಗನ ಕೈಗೆ ಬರುವಾಗ ಅದು ಕ್ಯಾಮೆರಾ ಟ್ರ್ಯಾಪ್ ಆಗಿತ್ತು: ಕಟ್ಟಿಟ್ಟರೆ ಪ್ರಾಣಿ ಹಾದಾಗ ತಾನೇ ಕ್ಲಿಕ್ಕಿಸುವ ಟ್ರೇಲ್ ಕ್ಯಾಮೆರಾ.

ಹುಲಿತಜ್ಞ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ನಾಗರಹೊಳೆಯಲ್ಲಿ ಇಂಥ ಕ್ಯಾಮೆರಾ ಕಟ್ಟಿ, ಪಟ್ಟೆ ಹೋಲಿಸಿ ಹುಲಿ ಲೆಕ್ಕ ಹಾಕಿದ್ದು ಭಾವಯ್ಯನಿಗೆ ಬಾಯಿಪಾಠ. ಹುಲಿಯ ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ಆದ್ದರಿಂದ ಹಾದಿಯ ಆಚೆಗೊಂದು ಈಚೆಗೊಂದು ಬೇಕು ಎಂದು ಭಾವಯ್ಯ ಜೋಡಿ ಕೊಂಡರು. ಆದರೆ ಅವರ ತೋಟಕ್ಕೆ ಬರುವುದು ಕಾಡುಹಂದಿ. ಅದರಲ್ಲಿ ಪಟ್ಟೆ ಇರುವುದು ಮರಿಗಳಿಗೆ ಮಾತ್ರ, ಅದೂ ಕೆಲವೇ ತಿಂಗಳು.

ಕೊಂಡ ಮೇಲೆ ಪರೀಕ್ಷೆ. ಡಬ್ಬದ ಮೇಲೆ ಟ್ರಿಗರ್ 0.2 ಸೆಕೆಂಡು, ಅಂದರೆ ಪ್ರಾಣಿ ಕದಲಿದ ಅಷ್ಟರಲ್ಲೇ ಕ್ಲಿಕ್ಕು, ಎಂದು ಬರೆದಿರುತ್ತದೆ. ಡಬ್ಬವನ್ನು ಭಾವಯ್ಯ ನಂಬುವವರಲ್ಲ. ಅಡಿಕೆ ಅಂಗಳದ ಕಂಬಕ್ಕೆ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಬಿಗಿದು, ಮುಸ್ಸಂಜೆಗೆ ತಾವೇ ಅಂಬೆಗಾಲಿಕ್ಕಿ ಅದರ ಮುಂದೆ ಹಾದರು. ಹಂದಿಯ ಬಣ್ಣ ಬರಲೆಂದು ಮೇಲೊಂದು ಕರಿಕಂಬಳಿ. ಆದರೆ ಕ್ಯಾಮೆರಾದ ಸೆನ್ಸರ್‌ಗೆ ಎಚ್ಚರವಾಗುವುದು ಸುತ್ತಲಿಗಿಂತ ಬಿಸಿಯಾದದ್ದು ಕದಲಿದಾಗ. ಕಂಬಳಿ ಮೈಬಿಸಿಯನ್ನೆಲ್ಲ ಒಳಗೇ ಹಿಡಿದಿಟ್ಟಿತು, ಹೊರಗುಳಿದದ್ದು ಬೋಳುತಲೆಯೊಂದೇ. ಕಪ್ಪುಬಿಳುಪಿನ ಪಟದಲ್ಲಿ ಆ ತಲೆ ಥಳಥಳ ಹೊಳೆಯುತ್ತಿತ್ತು. ಅಕ್ಕಯ್ಯ ನೋಡಿ, “ಹಂದಿಗಾದ್ರೂ ಕೂದಲಿರ್ತದೆ” ಅಂದರು.

ಹೆಣ್ಣು ನೋಡಲು ಬಂದವರಿಗೂ ಬಿಡುಗಡೆಯಿಲ್ಲ. ರಾತ್ರಿ ಪಟಕ್ಕೆ ಕ್ಯಾಮೆರಾದಲ್ಲಿರುವ ಇನ್‌ಫ್ರಾರೆಡ್ ದೀಪ 850 ನ್ಯಾನೋಮೀಟರಿನದಾದರೆ ದೂರದವರೆಗೆ ಬೆಳಗುತ್ತದೆ, ಆದರೆ ಮಿಣುಕು ಕೆಂಪು ಕಾಣಿಸಿ ಪ್ರಾಣಿ ಬೆಚ್ಚಬಹುದು. 940 ಆದರೆ ಗುಟ್ಟಾಗಿರುತ್ತದೆ, ದೂರ ಹೋಗುವುದಿಲ್ಲ. ನೀವಾದರೆ ಯಾವುದು ತಗೊಳ್ತೀರಿ? ಹುಡುಗನ ಅಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದು ಬೆಪ್ಪಾಗಿ ಕೂತಿದ್ದರು.

ಇನ್ನು ಕ್ಯಾಮೆರಾದ ಮೆಮೊರಿ ಕಾರ್ಡು ಬಿಚ್ಚಿದರೆ ಬರೀ ಬಾಳೆಲೆ. ಮಧ್ಯಾಹ್ನದ ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಕ್ಲಿಕ್ಕು. ನೂರಾರು ಪಟಗಳನ್ನು ಒಂದೊಂದಾಗಿ ತೋರಿಸುತ್ತಾ ಒಂದರಲ್ಲಿ ನಿಲ್ಲುತ್ತಾರೆ: “ಇಲ್ಲಿ ನೋಡಿ, ಈ ಎಲೆ ಸುಮ್ಮನೆ ಅಲುಗಿದ್ದಲ್ಲ. ಚಿರತೆ ಈಗಷ್ಟೇ ದಾಟಿದೆ.” ತಪ್ಪಿಸಿಕೊಂಡ ಪ್ರಾಣಿಯನ್ನು ಹಿಗ್ಗಿಸಿ ಹೇಳುವುದರಲ್ಲಿ ಅಜ್ಜನೂ ಇಷ್ಟು ಪಳಗಿರಲಿಲ್ಲವಂತೆ.

ಹೋದ ಮಳೆಗಾಲ ಕೊನೆಗೂ ಹಂದಿಗಳು ಸಿಕ್ಕವು. ಇಡೀ ಸಂಸಾರ, ಮೂತಿಯಿಂದ ಬಾಲದವರೆಗೆ ಸ್ಪಷ್ಟ. ಸುವರ್ಣಗಡ್ಡೆಯ ಪಾತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಉತ್ತುಹಾಕಿದ್ದು ಸರಣಿಯಾಗಿ ದಾಖಲಾಗಿತ್ತು. ಭಾವಯ್ಯ ಕುಣಿದಾಡಿಬಿಟ್ಟರು. ಕೆಲಸದಾಳು ಪಟ ನೋಡಿದ, ಪಾತಿ ನೋಡಿದ, ತಲೆ ಕೆರೆದುಕೊಂಡ.

“ಅಯ್ಯಾ, ಆ ದುಡ್ಡಲ್ಲಿ ಒಂದು ಬೇಲಿ ಹಾಕಬೋದಿತ್ತಲ್ಲ?”

“ಬೇಲಿಗೆ ನೈಟ್ ಮೋಡ್ ಎಲ್ಲಿದೆಯೋ?” ಅಂದರು ಭಾವಯ್ಯ.