ತೋರಣಾಭಾವ ಮೀಮಾಂಸೆ ಅಥವಾ ಸಕುಟುಂಬ ರಂಧ್ರದರ್ಶನ ವಿಚಾರ

ಅಮೆರಿಕದ ಯೂಟಾ ರಾಜ್ಯದಲ್ಲಿ, ಮೋಆಬ್ ಊರಿನ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದವರೆಲ್ಲ ‘ಕಲ್ಲಿನ ಕಮಾನು ನೋಡಿಬಂದೆವು’ ಎನ್ನುತ್ತಾರೆ. ಇದು ಶುದ್ಧ ಅಪಸಿದ್ಧಾಂತ. ಅಲ್ಲಿ ಕಲ್ಲಿಗೇನು ಬರ? ಕಣ್ಣು ಹಾಯುವಷ್ಟು ದೂರ ಕೆಂಪು ಕಲ್ಲೇ. ಕಲ್ಲನ್ನಷ್ಟೇ ನೋಡುವುದಾದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕೋಡುಬಳೆ ಮುರಿಯುತ್ತ ನೋಡಬಹುದು. ಜನ ಬೆವರು ಸುರಿಸಿ ಹತ್ತುವುದು ಕಲ್ಲು ಇಲ್ಲದ ಜಾಗವನ್ನು ನೋಡಲು. ಅರ್ಥಾತ್, ತೂತು ನೋಡಲು. ನಮ್ಮ ವೈಶೇಷಿಕರು ‘ಅಭಾವ’ವನ್ನೂ ಏಳನೆಯ ಪದಾರ್ಥವೆಂದು ಲೆಕ್ಕಕ್ಕೆ ಹಿಡಿದಾಗ ಒಪ್ಪದೆ ಜಗಳ ತೆಗೆದ ಪಂಡಿತರಿದ್ದರು. ಅಂಥವರನ್ನು ಒಂದು ಮೇ ತಿಂಗಳ ಬೆಳಗ್ಗೆ ಡೆಲಿಕೇಟ್ ಆರ್ಚ್ ದಾರಿಯಲ್ಲಿ ನಮ್ಮ ಐದು ಜನರ ಸಂಸಾರದ ಜೊತೆ ನಡೆಸಬೇಕಿತ್ತು.

ಮೊದಲು ಲಕ್ಷಣ ವಿಚಾರ. ಯಾವುದಾದರೊಂದು ದಿಕ್ಕಿನಲ್ಲಿ ಕನಿಷ್ಠ 3 ಅಡಿ ತೂತಿದ್ದರೆ ಅದು ಕಮಾನು, ಇಲ್ಲದಿದ್ದರೆ ಬರೀ ತೂತು ಎಂದು ಉದ್ಯಾನದವರ ಸೂತ್ರ. ಈ ಲಕ್ಷಣಕ್ಕೆ ಹೊಂದುವಂಥವು ಅಲ್ಲಿ 2,000ಕ್ಕೂ ಹೆಚ್ಚಿವೆ. ‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಲೋಕವಾಕ್ಯ ಇಲ್ಲಿ ಪ್ರಮಾಣವಾಗಲಾರದು, ಏಕೆಂದರೆ ನಮ್ಮನೆ ಕಾವಲಿಯೇ ಒಟ್ಟು ಒಂದಡಿ. ಹರಿಯುವ ಹೊಳೆ ಕೊರೆದದ್ದಾದರೆ ಅದು ‘ಸೇತುವೆ’, ಕಮಾನಲ್ಲ ಎಂಬ ಉಪಸೂತ್ರವೂ ಉಂಟು. ಹೀಗೆ ಇಲ್ಲದ್ದನ್ನು ಇಷ್ಟು ಅಚ್ಚುಕಟ್ಟಾಗಿ ಅಳೆದವರು ನವ್ಯನ್ಯಾಯದ ನಂತರ ಇವರೇ ಇರಬೇಕು.

ಅಭಾವ ನಾಲ್ಕು ಬಗೆ. ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದು ಬತ್ತಿ ಬತ್ತಿ ಸಾವಿರಾರು ಅಡಿ ದಪ್ಪದ ಉಪ್ಪಿನ ಹಾಸು ಉಳಿಯಿತು. ಅದರ ಮೇಲೆ ಕಾಲಾಂತರದಲ್ಲಿ ಮರಳುಗಲ್ಲು ಪೇರಿಕೊಂಡಿತು. ಮೇಲಿನ ಭಾರ ತಾಳದೆ ಉಪ್ಪು ಕೆಳಗೇ ಜರುಗಿತು, ಉಬ್ಬಿತು, ಕುಸಿಯಿತು. ಮೇಲಿನ ಕಲ್ಲು ಉದ್ದುದ್ದ ಸೀಳಿ ಗೋಡೆಗಳಾಗಿ ನಿಂತಿತು. ಆ ಗೋಡೆಗಳ ಬುಡಕ್ಕೆ ಮಳೆನೀರು ಜಿನುಗಿ, ಚಳಿಗೆ ಹೆಪ್ಪುಗಟ್ಟಿ, ಹಿಗ್ಗಿ, ಕಣಕಣವಾಗಿ ಉದುರಿಸಿದ್ದೇ ಈ ತೂತುಗಳು. ಅಂದರೆ ಈ ಸೀಮೆಯ ಸಮಸ್ತ ವೈಭವಕ್ಕೂ ಉಪ್ಪೇ ಮೂಲ ಕಾರಣ. ಇಂಥ ಉಪ್ಪಿನ ನೆಲದ ಮೇಲೆ ಕೂತು ಡಬ್ಬಿ ತೆರೆದಾಗ ಚಿತ್ರಾನ್ನದಲ್ಲಿ ಉಪ್ಪು ಇಲ್ಲದಿರುವುದು ಕಂಡುಬಂದದ್ದನ್ನು ಈ ಲೇಖಕ ಕೇವಲ ವೈಜ್ಞಾನಿಕ ಕುತೂಹಲದಿಂದ ದಾಖಲಿಸುತ್ತಾನೆ. ಸಹಧರ್ಮಿಣಿಯ ಪ್ರತ್ಯುತ್ತರ: ‘ಕಲ್ಲು ನೆಕ್ಕಿ ಸೇರಿಸ್ಕೊಳ್ಳಿ.’

ಎಂದೆಂದಿಗೂ ಇಲ್ಲದ್ದು ಅತ್ಯಂತಾಭಾವ. ಇದಕ್ಕೆ ಶಾಸ್ತ್ರದಲ್ಲಿ ಮೊಲದ ಕೊಂಬನ್ನು ಉದಾಹರಿಸುವ ರೂಢಿ. ಇನ್ನು ಮುಂದೆ ಈ ದಾರಿಯ ನೆರಳನ್ನು ಉದಾಹರಿಸಬಹುದು. ಹೋಗಿಬರುವ ದಾರಿ 3 ಮೈಲಿ, ಏರು ಸುಮಾರು 480 ಅಡಿ, ಬಹುಭಾಗ ಬೋಳು ಬಂಡೆ. ಹೊರಡುವ ಜಾಗದಲ್ಲಿ ಕುಡಿಯುವ ನೀರೂ ಇಲ್ಲ. ತಲೆಗೆ 2 ಲೀಟರ್ ಹೊತ್ತು ಹೋಗಿ ಎಂದು ಉದ್ಯಾನದವರ ಬುದ್ಧಿವಾದ. ಐದು ತಲೆಗೆ ಹತ್ತು ಲೀಟರ್. ಹತ್ತು ಲೀಟರ್ ನೀರು ಹತ್ತು ಕಿಲೋ ತೂಗುತ್ತದೆಂಬುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ, ಆದರೆ ಬೆನ್ನು ಶಾಲೆಗೆ ಹೋಗಿರುವುದಿಲ್ಲ.

ಹೊರಡುವಲ್ಲಿ ವುಲ್ಫ್ ರಾಂಚ್ ಎಂಬ ಮರದ ದಿಮ್ಮಿಗಳ ಗುಡಿಸಲಿದೆ. ಜಾನ್ ವೆಸ್ಲಿ ವುಲ್ಫ್ ಎಂಬ ಮಾಜಿ ಸೈನಿಕ ಓಹಾಯೋದಿಂದ 1898ರಲ್ಲಿ ಮಗನೊಬ್ಬನನ್ನು ಕರೆದುಕೊಂಡು ಬಂದು ಇಲ್ಲಿ ದನ ಸಾಕಿಕೊಂಡಿದ್ದ. ಎಂಟು ವರ್ಷ ಗಂಡಸರಿಬ್ಬರಿಗೂ ಮನೆಯಲ್ಲಿ ಏನೂ ಕೊರತೆ ಕಂಡಿರಲಿಲ್ಲ. 1906ರಲ್ಲಿ ಮಗಳು ಫ್ಲೋರಾ ಗಂಡ ಮಕ್ಕಳೊಂದಿಗೆ ಬಂದು ನೋಡಿ ಬೆಚ್ಚಿಬಿದ್ದಳು. ಮರದ ನೆಲ ಹಾಕಿದ ಹೊಸ ಗುಡಿಸಲು ಎದ್ದಿತು. ಈಗ ನಿಂತಿರುವುದು ಅದೇ. ಅಮ್ಮ ಅದರೊಳಗೆ ಇಣುಕಿ, ‘ಅಡುಗೆಮನೆಗೆ ಒಂದು ಗೂಡಾದರೂ ಬೇಡ್ವೇನೋ’ ಎಂದರು. ನೂರು ವರ್ಷ ತಡವಾಗಿ ಬಂದ ಈ ಟೀಕೆ ಫ್ಲೋರಾ ಸಂಪ್ರದಾಯಕ್ಕೇ ಸೇರಿದ್ದು.

ಇನ್ನು ಪ್ರಮಾಣ ವಿಚಾರ. ಈ ದಾರಿಯ ವಿಶೇಷವೆಂದರೆ ಕಮಾನು ಕೊನೆಯ ತಿರುವಿನವರೆಗೂ ಕಾಣುವುದಿಲ್ಲ. ಆದ್ದರಿಂದ ಪ್ರತ್ಯಕ್ಷ ಪ್ರಮಾಣ ನಿಷ್ಪ್ರಯೋಜಕ. ಎಂಟು ವರ್ಷದ ಮಗಳು ಇದನ್ನು ಒಪ್ಪಲಿಲ್ಲ: ಯೂಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಕಮಾನಿನ ಚಿತ್ರವಿದೆಯಲ್ಲ, ಪಾರ್ಕಿಂಗಿನಲ್ಲೇ ನೋಡಿ ಮುಗಿಸಬಹುದಿತ್ತಲ್ಲ ಎಂಬುದು ಅವಳ ಪೂರ್ವಪಕ್ಷ. ಇದಕ್ಕೆ ಸಮಾಧಾನ ಹೇಳುವಷ್ಟು ಉಸಿರು ಸಿದ್ಧಾಂತಿಯಲ್ಲಿ ಉಳಿದಿರಲಿಲ್ಲ. ಅನುಮಾನ ಪ್ರಮಾಣ ತಕ್ಕಮಟ್ಟಿಗೆ ಕೆಲಸ ಮಾಡಿತು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ತಾರ್ಕಿಕರು ಊಹಿಸಿದಂತೆ, ಬೆಟ್ಟದಿಂದ ಇಳಿಯುವವರು ಮೊಬೈಲು ನೋಡಿಕೊಂಡು ನಗುತ್ತಿದ್ದುದರಿಂದ ಮೇಲೆ ಕಮಾನು ಇದೆ ಎಂದು ಊಹಿಸಿದೆವು. ಉಳಿದದ್ದು ಆಪ್ತವಾಕ್ಯ. ಎದುರಿಗೆ ಬಂದವರನ್ನೆಲ್ಲ ‘ಇನ್ನೆಷ್ಟು ದೂರ?’ ಎಂದು ಕೇಳಿದೆವು. ಟೋಪಿ ತಾತ, ನಾಲ್ಕು ಮಕ್ಕಳ ತಾಯಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಯುವಕ, ಮೂವರೂ ಕೊಟ್ಟ ಉತ್ತರ ಒಂದೇ: ‘ಇಲ್ಲೇ, ಬಂದೇಬಿಡ್ತು.’ ಮೊದಲ ಮತ್ತು ಕೊನೆಯ ಉತ್ತರದ ನಡುವೆ ಮುಕ್ಕಾಲು ಗಂಟೆ ಕಳೆದಿತ್ತು. ಪ್ರಮಾಣಗಳಲ್ಲಿ ಶಬ್ದಪ್ರಮಾಣಕ್ಕೆ ಇಷ್ಟು ಮರ್ಯಾದೆ ಯಾಕೆಂದು ಅಮ್ಮ ಒಂದು ಬಂಡೆಯ ಮೇಲೆ ಕೂತು ಕೇಳಿದರು. ಅವರ ಮಾತಿನಲ್ಲಿ: ‘ಸುಳ್ಳುಬುರುಕರು.’

ಅಪ್ಪ ಈ ಹೊತ್ತಿಗೆ ಅಗತ್ಯ ಕಾರ್ಯಾರ್ಥವಾಗಿ ದಾರಿ ಬಿಟ್ಟು ಒಂದು ಜುನಿಪರ್ ಗಿಡದ ಮರೆಗೆ ಹೊರಟಿದ್ದರು. ‘ತಾತಾ, ಕಾಲಿಡಬೇಡ! ಮಣ್ಣಿಗೆ ಜೀವ ಇದೆ!’ ಎಂದು ಮಗಳು ಕಿರುಚಿದಳು. ಅಲ್ಲಿಯ ಮಣ್ಣಿನ ಮೇಲಿನ ಕಪ್ಪು ಹೆಕ್ಕಳೆ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿಗಳು ಸೇರಿ ಕಟ್ಟಿದ್ದು. ಮರಳು ಹಾರಿಹೋಗದಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆ ಬಿದ್ದರೆ ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು. ಅಪ್ಪ ಎತ್ತಿದ ಕಾಲನ್ನು ಹಾಗೇ ಹಿಡಿದು, ಕೊಕ್ಕರೆಯಂತೆ ಕ್ಷಣಕಾಲ ನಿಂತು, ವಾಪಸಾದರು. ಕಾರ್ಯ ಕೈಗೂಡಲಿಲ್ಲ.

ಕೊನೆಯ ಇನ್ನೂರು ಗಜ ಬಂಡೆಯ ಅಂಚಿನಲ್ಲಿ ಕಡಿದ ದಾರಿ. ಬಲಗಡೆ ಗೋಡೆ, ಎಡಗಡೆ ಅಭಾವ. ತಿರುಗಿದೆವು. ಕಂಡಿತು.

ಕಮಾನಿನೊಳಗಿನ ತೂತು 46 ಅಡಿ ಎತ್ತರ, 32 ಅಡಿ ಅಗಲ. ಒಂದು ಕಾಲು ದಪ್ಪ, ಇನ್ನೊಂದು ನಡುವೆ ಸವೆದು ಸಣ್ಣ. ತೂತಿನ ಆಚೆ ಲಾ ಸಾಲ್ ಬೆಟ್ಟಗಳ ಹಿಮ. ಎರಡು ನಿಮಿಷ ಯಾರೂ ಏನೂ ಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲ. ಆಮೇಲೆ ಅಮ್ಮ, ‘ಯಾರೋ ಚಡ್ಡಿ ಒಣಗೋಕೆ ಹಾಕಿದ ಹಾಗಿದೆ’ ಎಂದರು. ಹಿಂದೆ ಈ ಸೀಮೆಯ ದನಗಾಹಿಗಳು ಇದನ್ನು ‘ಶಾಲೆ ಮೇಡಮ್ಮನ ಚಡ್ಡಿ’ ಎಂದೇ ಕರೆಯುತ್ತಿದ್ದರು. ಅಮ್ಮ ಮೂವತ್ತು ವರ್ಷ ಮೈಸೂರಿನಲ್ಲಿ ಶಾಲೆ ಮೇಡಮ್ ಆಗಿದ್ದವರು. ಈ ಮಾಹಿತಿಯನ್ನು ಈ ಲೇಖಕ ಪಾಂಡಿತ್ಯದ ಧರ್ಮಕ್ಕೆ ವಿರುದ್ಧವಾಗಿ ಮುಚ್ಚಿಟ್ಟ.

ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಅಪ್ಪ ಅದರಲ್ಲಿ ನಿಷ್ಣಾತರು. ‘ತಿರುಪತೀಲಿ ಶಿಲಾತೋರಣ ನೋಡಿಲ್ವೇ? ದೇವಸ್ಥಾನದಿಂದ ಹತ್ತು ಹೆಜ್ಜೆ. ಲಾಡೂ ಸಿಗುತ್ತೆ.’ ಹತ್ತು ಹೆಜ್ಜೆಯೆಂಬುದು ಸುಮಾರು ಒಂದು ಕಿಲೋಮೀಟರ್. ಆದರೆ ಆ ಬೆಣಚುಕಲ್ಲು ಇಲ್ಲಿನ ಮರಳುಗಲ್ಲಿಗಿಂತ ಎಷ್ಟೋ ಪಟ್ಟು ಹಿರಿಯದು ಎಂಬುದು ನಿಜ. ಆ ಮಟ್ಟಿಗೆ ಅಪ್ಪನ ವಾದ ಗೆದ್ದಿತು.

ಇದ್ದದ್ದು ನಾಶವಾಗುವುದು ಪ್ರಧ್ವಂಸಾಭಾವ. ಇದೇ ಉದ್ಯಾನದ ವಾಲ್ ಆರ್ಚ್ 2008ರ ಆಗಸ್ಟ್‌ನಲ್ಲಿ ಒಂದು ರಾತ್ರಿ, ಯಾರೂ ನೋಡದಿರುವಾಗ ಕುಸಿಯಿತು. ಡೆಲಿಕೇಟ್ ಆರ್ಚ್‌ಗೂ ಈ ಗತಿ ಬಂದೀತೆಂದು 1950ರ ದಶಕದಲ್ಲಿ ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಲೇಪ ಹಚ್ಚುವ ಯೋಚನೆ ಮಾಡಿ, ಆಮೇಲೆ ಕೈಬಿಟ್ಟರು. ‘ಯಾಕೆ ಬಿಟ್ರು?’ ಎಂದರು ಅಮ್ಮ. ಟಿವಿ ರಿಮೋಟನ್ನು ಹದಿನಾಲ್ಕು ವರ್ಷ ಪ್ಲಾಸ್ಟಿಕ್ ಕವರಿನಲ್ಲೇ ಉಳಿಸಿ, ಗುಂಡಿಗಳ ನಂಬರು ಅಳಿಯದಂತೆ ಕಾಪಾಡಿದವರ ಪ್ರಶ್ನೆ ಅದು.

ಇಳಿಯುವುದು ಬೇಗ ಮುಗಿಯಿತು. ವುಲ್ಫ್ ಗುಡಿಸಲ ಹತ್ತಿರದ ಸೇತುವೆಯ ಮೇಲೆ, ಆಗಷ್ಟೇ ಹೊರಟಿದ್ದ ಒಂದು ಸಂಸಾರ ಎದುರಾಯಿತು. ಬಿಸಿಲು ಏರಿತ್ತು. ಆ ಮನೆಯ ಅಜ್ಜಿ ಆಗಲೇ ಕಟಕಟೆ ಹಿಡಿದು ನಿಂತು ಅಮ್ಮನನ್ನು ನೋಡಿ ಏನೋ ಕೇಳಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಬೆಟ್ಟದ ಕಡೆ ಕೈಮಾಡಿ, ತುಂಬು ನಗುವಿನಿಂದ ಹೇಳಿದರು: ‘ಜಸ್ಟ್ ಹಿಯರ್, ಜಸ್ಟ್ ಹಿಯರ್.’