ಕ್ಲಚ್ ರಾಯರು

ಬೆಂಗಳೂರಿನ ಯಾವುದೇ ಬಡಾವಣೆಗೆ ಹೋಗಿ, ಅಲ್ಲೊಬ್ಬರು ಕ್ಲಚ್ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾದವರು. ಗೇಟಿನ ಮುಂದೆ ಬೂದುಬಣ್ಣದ ಕವರ್ ಹೊದ್ದ ಹಳೆಯ ವ್ಯಾಗನ್ ಆರ್. ಟೈರ್ ಸವೆದರೆ ಮರುಮಾತಿಲ್ಲದೆ ಟೈರ್ ಹಾಕಿಸುತ್ತಾರೆ, ಬ್ಯಾಟರಿ ಹೋದರೆ ಬ್ಯಾಟರಿ. ಕ್ಲಚ್ ಬದಲಿಸುವ ಮಾತು ಬಂತೋ, ಮಗಳಿಗೆ ಗಂಡು ನೋಡುವವರ ಹಾಗೆ ಮನೆತನ, ಊರು, ಹಿಂದಿನ ಹೆಸರು ಎಲ್ಲವನ್ನೂ ವಿಚಾರಿಸಲು ಹೊರಡುತ್ತಾರೆ.

ಮೊದಲಿಗೆ ಕ್ಲಚ್ ಹೋಗಿದೆ ಎಂದು ಅವರು ಒಪ್ಪುವುದೇ ಇಲ್ಲ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಕ್ಲಚ್ ಜಾರುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೆಬ್ಬಾಳದ ಫ್ಲೈಓವರ್ ಏರುವಾಗ ಸುಟ್ಟ ವಾಸನೆ ಬಂದು ಹೆಂಡತಿ, “ರೀ, ಏನೋ ಸೀದು ಹೋಗ್ತಿದೆ” ಎಂದರೆ, “ಮುಂದಿನ ಲಾರಿದು ಕಣೆ” ಎನ್ನುತ್ತಾರೆ. ಲಾರಿ ಎಡಕ್ಕೆ ತಿರುಗಿ ಹೋಗುತ್ತದೆ; ವಾಸನೆ ಯಲಹಂಕದವರೆಗೂ ಜೊತೆಗೇ ಬರುತ್ತದೆ.

ಒಪ್ಪಿಕೊಂಡ ಮೇಲೆ ಶುರುವಾಗುತ್ತದೆ ಸಂಶೋಧನೆ. ಬೆಳಗಿನ ವಾಕಿಂಗ್ ಗುಂಪಿಗೆ ಪಾರ್ಕಿನ ಬೆಂಚಿನ ಮೇಲೆ ಪಾಠ. ಕ್ಲಚ್ ಕಂಪನಿಗಳಲ್ಲಿ ಲುಕ್ ಜರ್ಮನಿಯದು, 1965ರಲ್ಲಿ ಹುಟ್ಟಿದ್ದು. ವ್ಯಾಲಿಯೋ ಫ್ರಾನ್ಸಿನದು. ಎಕ್ಸೆಡಿ ಜಪಾನಿನದು, ಮೊದಲು ಡೈಕಿನ್ ಅಂತ ಇತ್ತು, ಆದರೆ ಏಸಿ ಮಾಡುವ ಡೈಕಿನ್ ಬೇರೆ. ಇಷ್ಟೂ ನಿಜ. ರಾಯರು ಸುಳ್ಳು ಹೇಳುವವರಲ್ಲ, ಅದೇ ಅವರ ಜೊತೆಗಿನ ಕಷ್ಟ. ಕಾರು ಕಂಪನಿಗಳು ಸಾಮಾನ್ಯವಾಗಿ ಕ್ಲಚ್ಚನ್ನು ತಾವೇ ಮಾಡುವುದಿಲ್ಲ, ಇಂಥವರಿಂದಲೇ ತರಿಸಿ ತಮ್ಮ ಡಬ್ಬದಲ್ಲಿ ಹಾಕಿ ಮಾರುತ್ತವೆ. ಹಾಗಾಗಿ ದಿನಾ ಆಫೀಸು, ತರಕಾರಿ, ಮದುವೆಮನೆಗೆ ಓಡಾಡುವ ಕಾರಿಗೆ ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಈ ಒಂದು ವಾಕ್ಯವನ್ನು ಮಾತ್ರ ರಾಯರು ಬೆಂಚಿನ ಮೇಲೆ ಹೇಳುವುದಿಲ್ಲ.

ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಈ ಪಾಂಡಿತ್ಯಕ್ಕೆ ಮೊದಲ ಪೆಟ್ಟು ಬೀಳುತ್ತದೆ.

“ವ್ಯಾಗನ್ ಆರ್‌ಗೆ ಕ್ಲಚ್ ಕೊಡಪ್ಪಾ, ಜರ್ಮನ್.”

“ಯಾವ ಇಸವಿ ಗಾಡಿ ಸಾರ್?”

ರಾಯರಿಗೆ ಕಂಪನಿಯ ಇಸವಿ ಗೊತ್ತು, ಕಾರಿನದು ಥಟ್ಟನೆ ನೆನಪಾಗುವುದಿಲ್ಲ. ಅಂಗಡಿಯವನ ಪ್ರಶ್ನೆಗೆ ಕಾರಣವಿದೆ. 1999ರ ಕೊನೆಗೆ ಬಂದ ಮೊದಲ ವ್ಯಾಗನ್ ಆರ್‌ನದು 1.1 ಲೀಟರ್ ಎಂಜಿನ್. 2010ರಲ್ಲಿ ಅದು ಒಂದು ಲೀಟರಿನ ಕೆ ಸೀರೀಸ್ ಆಯಿತು, 2019ರ ಮಾದರಿಯಲ್ಲಿ 1.2 ಲೀಟರಿನದೂ ಸೇರಿಕೊಂಡಿತು. ಕಾರಿನ ಹೆಸರು ಒಂದೇ ಇದ್ದರೂ ಕ್ಲಚ್ ಪ್ಲೇಟಿನ ವ್ಯಾಸ, ಅದರ ನಡುವಿನ ರಂಧ್ರದ ಹಲ್ಲುಗಳು ಬೇರೆಯಾಗಬಹುದು. ಆರ್‌ಸಿ ಹಿಡಿದು ಚಾಸಿ ನಂಬರ್ ನೋಡಿಯೇ ಕೊಳ್ಳಬೇಕು, ಬಿಲ್ ಪಡೆಯಬೇಕು, ಸೀಲ್ ಒಡೆದ ಡಬ್ಬ ಮುಟ್ಟಬಾರದು. ಕೊನೆಯ ವಿಷಯದಲ್ಲಿ ರಾಯರು ಗಟ್ಟಿಗರು. ಡಬ್ಬದ ಮೇಲಿನ ಅಕ್ಷರ ಒಂದಿಷ್ಟು ಸೊಟ್ಟಗಿದ್ದರೂ ಕನ್ನಡಕ ಏರಿಸಿ, “ಇದು ನಕಲಿ” ಎಂದುಬಿಡುತ್ತಾರೆ.

ಅಷ್ಟರಲ್ಲಿ ತಂಗಿಯ ಮಗ ಫೋನ್ ಮಾಡಿ, “ಮಾವ, ಸೆರಾಮಿಕ್ ಹಾಕಿಸಿ, ರೇಸಿಂಗ್ ಕಾರಿಗೆಲ್ಲ ಅದೇ” ಎಂದಿರುತ್ತಾನೆ. ಸೆರಾಮಿಕ್ ಪ್ಲೇಟ್ ಹೆಚ್ಚು ಬಿಸಿ ತಡೆಯುತ್ತದೆ, ಗಟ್ಟಿಯಾಗಿ ಕಚ್ಚುತ್ತದೆ. ಹಾಗೆ ಒಮ್ಮೆಲೇ ಕಚ್ಚುವುದರಿಂದಲೇ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವಾಗ ಕಾರು ಪ್ರತಿ ಸಲ ಎಗರುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಮಡಿಲಲ್ಲಿ ಸಾರಿನ ಪಾತ್ರೆ ಇದ್ದರೆ ಕಥೆ ಮುಗಿಯಿತು. ಮನೆ ಕಾರಿಗೆ ಮಾಮೂಲಿ ಆರ್ಗ್ಯಾನಿಕ್ ಲೈನಿಂಗೇ ಸರಿ.

ಗ್ಯಾರೇಜಿನಲ್ಲಿ ರಾಯರ ಅಸಲಿ ರೂಪ ಕಾಣುತ್ತದೆ. ಗೇರ್ ಆಯಿಲ್ ಬಸಿದು, ಡ್ರೈವ್ ಶಾಫ್ಟ್ ಎಳೆದು, ಗೇರ್‌ಬಾಕ್ಸ್ ಇಳಿಸಿದ ಮೆಕ್ಯಾನಿಕ್ ಹಳೆಯ ಪ್ಲೇಟನ್ನು ಅವರ ಕೈಗಿಡುತ್ತಾನೆ. ಲೈನಿಂಗ್ ಸವೆದು ರಿವೆಟ್‌ಗಳ ತಲೆ ಹೊರಬಂದು ಹೊಳೆಯುತ್ತಿವೆ. ಅವು ಫ್ಲೈವೀಲ್ ಮೇಲೆ ಉಂಗುರದಂತೆ ಗೀರಿವೆ, ಅಲ್ಲಲ್ಲಿ ಬಿಸಿಗೆ ನೀಲಿಗಟ್ಟಿದ ಕಲೆ. ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳು ರಿಲೀಸ್ ಬೇರಿಂಗ್ ತಾಗುವಲ್ಲಿ ಸವೆದಿವೆ. ಇಷ್ಟನ್ನೂ ಕಣ್ಣಾರೆ ಕಂಡ ಮೇಲೆ ರಾಯರು ಕೇಳುತ್ತಾರೆ: “ಪ್ಲೇಟ್ ಒಂದು ಹಾಕಿದರೆ ಸಾಲದೇನಪ್ಪಾ? ಬೇರಿಂಗ್ ಸದ್ದು ಮಾಡ್ತಿಲ್ಲವಲ್ಲ?”

“ಈಗ ಮಾಡ್ತಿಲ್ಲ ಸಾರ್. ಆರು ತಿಂಗಳಿಗೆ ಮಾಡಿದ್ರೆ ಮತ್ತೆ ಗೇರ್‌ಬಾಕ್ಸ್ ಇಳಿಸ್ಬೇಕು. ಲೇಬರ್ ಮತ್ತೆ ಕೊಡ್ತೀರಾ?”

ಮೆಕ್ಯಾನಿಕ್ ಹೇಳಿದ್ದರಲ್ಲೇ ಕ್ಲಚ್ ಖರೀದಿಯ ಲೆಕ್ಕವೆಲ್ಲ ಇದೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ರಿಲೀಸ್ ಬೇರಿಂಗಿನ ಬೆಲೆ ಏನೇನೂ ಅಲ್ಲ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಸೆಟ್ಟಾಗಿ ಹಾಕಿಸುವುದು, ಗೀರು ಬಿದ್ದ ಫ್ಲೈವೀಲನ್ನು ಲೇತಿಗೆ ಕಳಿಸಿ ಸಮ ಮಾಡಿಸುವುದು, ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಅದನ್ನೂ ಬದಲಿಸುವುದು, ಕೇಬಲ್ ಬಿಗಿಯಾಗಿದ್ದರೆ ಹೊಸದು ಹಾಕಿಸುವುದು, ಎಲ್ಲ ಆವತ್ತೇ ಆಗಬೇಕು. ಸೋರುವ ಸೀಲನ್ನು ಹಾಗೇ ಬಿಟ್ಟರೆ ಹೊಸ ಪ್ಲೇಟೂ ಎಣ್ಣೆ ಕುಡಿದು ಜಾರುತ್ತದೆ, ಆಮೇಲೆ ಜರ್ಮನಿಯಾದರೇನು ಜಪಾನಾದರೇನು. ಪಾರ್ಕಿನಲ್ಲಿ ಮೂರು ದೇಶ ಸುತ್ತಿದ ರಾಯರು ಇಲ್ಲಿ ಬೇರಿಂಗಿನ ಕೆಲವು ನೂರು ರೂಪಾಯಿಗೆ ಹಠ ಹಿಡಿದು ಕೂರುತ್ತಾರೆ. ಹೆಂಡತಿಗೆ ಫೋನ್ ಹೋಗುತ್ತದೆ. “ಅವರು ಹೇಳಿದ್ದು ಹಾಕಿಸ್ಕೊಂಡು ಬನ್ನಿ” ಎಂದು ಆಕೆ ಹೇಳಿದ ಮೇಲೆಯೇ ಸೆಟ್ಟಿನ ಡಬ್ಬ ತೆರೆಯುವುದು.

ಸೋತ ರಾಯರು ಸುಮ್ಮನಿರುತ್ತಾರೆಯೇ? ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರುತ್ತಿರುವ ಹುಡುಗನಿಗೆ, “ಧಾರಾಳವಾಗಿ ಹಾಕೋ, ಇದರಲ್ಲೂ ಜಿಪುಣತನವೇ?” ಎಂದು ಗದರುತ್ತಾರೆ. ಗ್ರೀಸ್ ಹೆಚ್ಚಾದರೆ ತಿರುಗುವಾಗ ಲೈನಿಂಗ್ ಮೇಲೆ ಚಿಮ್ಮುತ್ತದೆ. ಹುಡುಗ “ಆಯ್ತು ಸಾರ್” ಎಂದು ಇನ್ನಷ್ಟು ಹಾಕಿ, ಅವರು ಕಾಫಿಗೆ ಹೋದಾಗ ಒರೆಸಿಬಿಡುತ್ತಾನೆ.

ಹೊಸ ಕ್ಲಚ್ ಬೆಣ್ಣೆ. ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ ಎಂದು ಮೆಕ್ಯಾನಿಕ್ ಹೇಳಿ ಕಳಿಸುತ್ತಾನೆ. ರಾಯರು ಮೆತ್ತಗೇ ಓಡಿಸುತ್ತಾರೆ, ಎಡಗಾಲನ್ನು ಪೆಡಲ್ ಮೇಲೆ ಆರಾಮವಾಗಿ ಇಟ್ಟುಕೊಂಡು. ಏರಿನ ಸಿಗ್ನಲ್ಲಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಹಾಫ್ ಕ್ಲಚ್ಚಿನಲ್ಲೇ ಕಾರನ್ನು ತೂಗಾಡಿಸುತ್ತಾರೆ. ಹಿಂದಿನದು ಬೇಗ ಸವೆದದ್ದು ಯಾಕೆ ಎಂದು ಕೇಳಿದರೆ ಸಿಗುವ ಉತ್ತರ: “ಈಗಿನ ಮಾಲೇ ಸರಿಯಿಲ್ಲ ಬಿಡಿ.”

ನಿಮ್ಮ ಕಾರಿನ ಕ್ಲಚ್ ಹೋದ ಸುದ್ದಿ ತಿಳಿದರೆ ರಾಯರು ತಾವಾಗಿಯೇ ಬರುತ್ತಾರೆ. ಜೆ.ಸಿ. ರೋಡಿಗೆ ಧೈರ್ಯವಾಗಿ ಕರೆದುಕೊಂಡು ಹೋಗಿ, ನಕಲಿ ಡಬ್ಬದಿಂದ ನಿಮ್ಮನ್ನು ಕಾಪಾಡುತ್ತಾರೆ. ಗೇರ್‌ಬಾಕ್ಸ್ ಇಳಿಸುವ ದಿನ ಮಾತ್ರ ಗ್ಯಾರೇಜಿನ ವಿಳಾಸ ಹೇಳಬೇಡಿ. ಸ್ಟಿಯರಿಂಗ್ ಅಂತೂ ಕೊಡಲೇಬೇಡಿ.