ಬ್ಯಾಟ್ರಿ ಗಾಡಿ ಮೀಮಾಂಸೆ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಬೇಕು. ಈ ಶಾಸ್ತ್ರಕ್ಕೆ ಅಧಿಕಾರಿ, ಪೆಟ್ರೋಲು ಲೀಟರಿಗೆ ನೂರು ದಾಟಿದ ಮೇಲೂ ದಿನಾ ಕಲಬುರಗಿಗೆ ಹೋಗಿಬರಬೇಕಾದ ಗುಮಾಸ್ತ, ಮಾಸ್ತರ, ಕಾಲೇಜು ಹುಡುಗ. ವಿಷಯ, ಸಾಲ ತೀರುವ ಮೊದಲೇ ಬ್ಯಾಟರಿ ತೀರಿಹೋಗದ ಗಾಡಿ. ಸಂಬಂಧ, ಮಾಸಿಕ ಕಂತು. ಪ್ರಯೋಜನ, ವಾರವೆಲ್ಲ ಕಚೇರಿ, ಅಮಾವಾಸ್ಯೆಗೆ ಘತ್ತರಗಿ, ಹುಣ್ಣಿಮೆಗೆ ಗಾಣಗಾಪುರ.

ಪೂರ್ವಸೂರಿಗಳಿಲ್ಲವೇ ಎಂದರೆ, ಇದ್ದಾರೆ. ಕಲಬುರಗಿ ಜಿಲ್ಲೆಯ ಮರತೂರಿನ ವಿಜ್ಞಾನೇಶ್ವರ ‘ಮಿತಾಕ್ಷರ’ದಲ್ಲಿ ಅಣ್ಣತಮ್ಮಂದಿರ ಪಾಲಿನ ತಕರಾರು ಬಗೆಹರಿಸಿದ. ಆದರೆ ಪಡಸಾಲೆಯ ಒಂದೇ ಪ್ಲಗ್ಗಿಗೆ ರಾತ್ರಿ ಮೊದಲು ಅಣ್ಣನ ಗಾಡಿಯೋ ತಮ್ಮನ ಗಾಡಿಯೋ ಎಂಬಲ್ಲಿ ಆತ ಮೌನಿ. ಆ ಲೋಪವನ್ನು ತುಂಬಲು ಈ ಪ್ರಬಂಧ.

ಪ್ರಮಾಣ ವಿಚಾರ

ಸೂತ್ರ: ತಿರುಗಿ ಬಂದದ್ದೇ ರೇಂಜು.

ವ್ಯಾಖ್ಯಾನ: ರೇಂಜಿನ ಜ್ಞಾನಕ್ಕೆ ಮೂರು ಪ್ರಮಾಣಗಳು. ಮೊದಲನೆಯದು ಶಬ್ದ, ಅಂದರೆ ಅಂಗಡಿಯವನ ವಾಕ್ಯ: “ನೂರಾ ಇಪ್ಪತ್ತ ಕೊಡ್ತದ್ರಿ ಸರ.” ಇದು ಅಪೌರುಷೇಯ, ಗಾಡಿ ಕೈಕೊಟ್ಟ ದಿನ ಕೇಳಿದರೆ, ಹಾಗೆ ಹೇಳಿದವರು ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಕಾಗದದ ಮೇಲಿನ ಅಂಕಿಯಾದರೂ ಪ್ರಯೋಗಶಾಲೆಯ ರೋಲರಿನ ಮೇಲೆ ಹುಟ್ಟಿದ್ದು. ಅಲ್ಲಿ ಎದುರುಗಾಳಿಯಿಲ್ಲ, ಹಿಂದೆ ಹೆಂಡತಿಯಿಲ್ಲ, ಕಾಲ ಬಳಿ ತೊಗರಿಬ್ಯಾಳಿ ಚೀಲವಿಲ್ಲ.

ಎರಡನೆಯದು ಅನುಮಾನ. ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ: 60 ವೋಲ್ಟ್, 30 ಆಂಪಿಯರ್-ಅವರ್ ಎಂದರೆ 1.8 ಯೂನಿಟ್. ಹದವಾಗಿ ಓಡಿಸಿದ ಸ್ಕೂಟರು ಒಂದು ಯೂನಿಟ್ಟಿಗೆ ಮೂವತ್ತು ಕಿಲೋಮೀಟರ್ ಆಸುಪಾಸು ಹೋಗುತ್ತದೆ. ಉಳಿದ ಲೆಕ್ಕಕ್ಕೆ ಗುರು ಬೇಕಿಲ್ಲ.

ಮೂರನೆಯದು ಪ್ರತ್ಯಕ್ಷ. ಅಂಗಡಿ ಮುಂದಿನ ಒಂದು ಸುತ್ತು ಪ್ರತ್ಯಕ್ಷವಲ್ಲ, ಭ್ರಾಂತಿ. ನಲವತ್ತು ಡಿಗ್ರಿ ಮೀರಿದ ನಮ್ಮ ಬೇಸಿಗೆಯನ್ನು ಎರಡು ಸಲ ಕಂಡ ಗಾಡಿಯ ಮಾಲೀಕ ಕಂಡದ್ದೇ ಪ್ರತ್ಯಕ್ಷ; ಅವನನ್ನು ಹಿಡಿದು ಕೇಳಿದರೆ ಸಿಗುವುದೇ ಆಪ್ತವಾಕ್ಯ.

ಪಂಥಭೇದ

ಗಾಡಿ ಕೊಳ್ಳುವಲ್ಲಿ ತಾಲೂಕಿಗೊಂದು ಪಂಥ. ಜೇವರ್ಗಿ ಪಂಥದ ಪೂರ್ವಪಕ್ಷ: “ಲೈಸನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ.” ಮೋಟಾರು 250 ವ್ಯಾಟಿನ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರಿನ ಒಳಗೆ ಇದ್ದರೆ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಖಂಡನೆ: ಸಂತೆಗೂ ಶಾಲೆಗೂ ಸೈ. ಆದರೆ ಜೇವರ್ಗಿಯಿಂದ ಕಲಬುರಗಿ ನಲವತ್ತು ಕಿಲೋಮೀಟರ್. ಕಟ್ಟಿಸಂಗಾವಿ ಸೇತುವೆ ದಾಟುವುದರೊಳಗೆ ಹಿಂದಿನ ಲಾರಿಗಳೆಲ್ಲ ಹಾರ್ನಿನಲ್ಲಿ ಖಂಡನ ಮಂಡನ ಮುಗಿಸಿರುತ್ತವೆ. ‘ಸ್ಪೀಡ್ ಬಿಚ್ಚಿ ಕೊಡ್ತೀವಿ’ ಎನ್ನುವವನನ್ನು ನಂಬಿದರೆ ವಿನಾಯಿತಿಯೂ ಬಿಚ್ಚಿಹೋಯಿತು.

ಆಳಂದ ಪಂಥ: “ಸರ್ಕಾರ ಕೊಡ್ತದ, ತಡೀರಿ.” ಖಂಡನೆ: ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ ಕೇಂದ್ರದ ಸಬ್ಸಿಡಿ 2021ರ ಜೂನಿನಲ್ಲಿ 15,000 ರೂಪಾಯಿ, 2023ರ ಜೂನಿನಲ್ಲಿ 10,000, 2024ರ ಏಪ್ರಿಲಿನಲ್ಲಿ 5,000, ಮರು ಏಪ್ರಿಲಿನಲ್ಲಿ 2,500. ತಡೆದವನಿಗೆ ದೊರೆತದ್ದು ತಾಳ್ಮೆಯೊಂದೇ.

ಅಫಜಲಪುರ ಪಂಥ: “ಸಸ್ತಾ ಅದ, ತಗೋರಿ.” ಇವರು ಸೀಸ-ಆಮ್ಲ ಬ್ಯಾಟರಿಯ ಉಪಾಸಕರು. ಖಂಡನೆ: ಅದು ಭಾರ; ದಿನಾ ಪೂರ್ತಿ ಖಾಲಿ ಮಾಡಿದರೆ ಬೇಗ ಮುಪ್ಪಾಗುತ್ತದೆ, ಆಗ ಸಸ್ತಾ ಎಂಬುದು ಎರಡು ಕಂತಿನ ತುಟ್ಟಿ. ಲಿಥಿಯಂ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅದರಲ್ಲಿ ಎಲ್‌ಎಫ್‌ಪಿ ಎಂಬ ಪ್ರಭೇದ ಬಿಸಿಲಿಗೆ ಹೆಚ್ಚು ತಾಳುತ್ತದೆ. 2022ರಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಎಂಬ ಸುರಕ್ಷಾ ಮಾನದಂಡ ಬಿಗಿಯಾಯಿತು. ಅದಕ್ಕಿಂತ ಹಳೆಯ ದಾಸ್ತಾನು ಎಷ್ಟು ಸಸ್ತಾ ಆದರೂ ತ್ಯಾಜ್ಯ.

ಸಿದ್ಧಾಂತ

ಹೋಗಿಬರುವ ದಾರಿಯ ಒಂದೂವರೆ ಪಟ್ಟು ರೇಂಜು ಅನುಮಾನದಿಂದ ಸಿದ್ಧವಾಗಬೇಕು. ಆಳಂದ, ಜೇವರ್ಗಿಯವರಿಗೆ ಹೋಗಿಬರಲು ಎಂಬತ್ತರ ಆಸುಪಾಸು, ಆದ್ದರಿಂದ ನಾಲ್ಕು ಯೂನಿಟ್ಟಿನ ಬ್ಯಾಟರಿ. ಅಷ್ಟು ದುಡ್ಡಿಲ್ಲದಿದ್ದರೆ ಮೂರು ಯೂನಿಟ್ಟಿನದು ಮತ್ತು ಕಚೇರಿಯಲ್ಲೊಂದು ಪ್ಲಗ್ಗು. ಪ್ಲಗ್ಗು ಸಿಗುವುದು ಜವಾನನ ಪ್ರಸಾದದಿಂದ. ಅಫಜಲಪುರದವರಿಗೆ ದಾರಿ ಇನ್ನೂ ಉದ್ದ, ಪ್ರಸಾದ ಕಡ್ಡಾಯ. ಬಿಸಿಲಲ್ಲಿ ಓಡಿ ಬಂದ ಬ್ಯಾಟರಿ ತಣಿಯುವವರೆಗೆ ಚಾರ್ಜಿಗೆ ಹಾಕಬಾರದು. ಎರೆಮಣ್ಣಿನ ಹಾದಿಯಲ್ಲಿ ಮಳೆಗಾಲಕ್ಕೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳಾಡುವಷ್ಟು ಜಾಗ ಇರಬೇಕು. ಸರ್ವೀಸ್ ಸೆಂಟರ್ ಎಲ್ಲಿದೆ ಎಂದು ಬೆಲೆಗಿಂತ ಮೊದಲು ಕೇಳಬೇಕು.

ಫಲಶ್ರುತಿ

ಇದನ್ನು ಮನನ ಮಾಡಿ ಗಾಡಿ ಕೊಂಡವನನ್ನು ಚಹಾದಂಗಡಿಯಲ್ಲಿ ಹತ್ತು ಮಂದಿ ಸುತ್ತುವರಿದು “ಎಷ್ಟ ಕೊಡ್ತದ?” ಎಂದು ಕೇಳುವರು. ಅವನು ಎಲ್ಲ ಪ್ರಮಾಣಗಳನ್ನೂ ಬಲ್ಲವನಾಗಿಯೂ, ಕೊಂಡ ಗಾಡಿಯ ಮರ್ಯಾದೆಗಾಗಿ, ಇಪ್ಪತ್ತು ಕಿಲೋಮೀಟರ್ ಸೇರಿಸಿಯೇ ಉತ್ತರಿಸುವನು. ಶಬ್ದಪ್ರಮಾಣದ ಪರಂಪರೆ ಮುಂದುವರಿಯುವುದು ಹೀಗೆ.